ಗೋಲಿ ಸೋಡಾ ಮತ್ತು ಕುಮಾರಧಾರಾದ ಮೀನು

ನಾವು ಕೆದಂಬಾಡಿಯವರು ಅಂದ್ರೆ ಹಾಸ್ಟೆಲಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಪುತ್ತೂರು-ಸುಳ್ಯ ರಸ್ತೆಯ ಕುಂಬ್ರ ಅನ್ನಬೇಕು. ಏಪ್ರಿಲ್ ಬಂತೆಂದರೆ ಅಲ್ಲಿ ನಮಗೆ ಸೋಡಾವೇ ಗತಿ ಮಾರಾಯ್ರೆ. ಆ ಬಾಟಲಿಯೊಳಗೇ ಹೆನ್ರಿಯ ನಿಯಮ ಉಂಟು. ಒತ್ತಡ ಹೆಚ್ಚಿದಷ್ಟೂ ದ್ರವದಲ್ಲಿ ಕರಗುವ ಅನಿಲ ಹೆಚ್ಚು ಎಂದು ವಿಲಿಯಂ ಹೆನ್ರಿ ಹೇಳಿದ್ದು 1803ರಲ್ಲಿ. ಗೋಲಿಯನ್ನು ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುವುದು ಅದೇ ಒತ್ತಡ. ಗೋಲಿ ಒಳಗೆ ತಳ್ಳಿದ ಕೂಡಲೇ ಒತ್ತಡ ಇಳಿದು ಅನಿಲ ಗುಳ್ಳೆಯಾಗಿ ಹೊರಡುತ್ತದೆ.

ಇನ್ನು ಬಿಸಿ. ಒಂದು ವಾತಾವರಣದ ಒತ್ತಡದಲ್ಲಿ, 0 ಡಿಗ್ರಿಯ ಲೀಟರ್ ನೀರಿನಲ್ಲಿ ಸುಮಾರು 3.3 ಗ್ರಾಂ ಇಂಗಾಲದ ಡೈಆಕ್ಸೈಡ್ ಕರಗುತ್ತದೆ. 25 ಡಿಗ್ರಿಯಲ್ಲಿ ಅದರ ಅರ್ಧವೂ ಇಲ್ಲ. ಬಿಸಿಲಿಗಿಟ್ಟ ಬಾಟಲಿ ಉಕ್ಕಿ ಅಂಗಿ ಒದ್ದೆಯಾಗುವುದು ಅದಕ್ಕೇ.

ಸೋಡಾ ಸಪ್ಪೆಯಾದ್ರೆ ಚಿಲ್ಲರೆ ಹೋಯ್ತು, ಅಷ್ಟೆ. ಹೊಳೆಯ ಲೆಕ್ಕ ಹಾಗಲ್ಲ. ಕುಮಾರಧಾರಾದ ಪೆರುವೊಳು ಮೀನು ಬದುಕುವುದು ನೀರಿನಲ್ಲಿ ಕರಗಿದ ಆಮ್ಲಜನಕದಿಂದ. 20 ಡಿಗ್ರಿಯ ಸಿಹಿನೀರು ಲೀಟರಿಗೆ 9.1 ಮಿಲಿಗ್ರಾಂ ಹಿಡಿದರೆ, 30 ಡಿಗ್ರಿಯದ್ದು ಹಿಡಿಯುವುದು 7.6 ಮಾತ್ರ. ಆದರೆ ನೀರು ಬಿಸಿಯಾದಷ್ಟೂ ಮೀನಿಗೆ ಬೇಕಾಗುವುದು ಹೆಚ್ಚು! ಬೇಸಗೆಯಲ್ಲಿ ಹರಿವು ಇಳಿದಾಗ ಮೀನುಗಳೆಲ್ಲ ಕಯಗಳಲ್ಲಿ, ಅಂದರೆ ಆಳದ ಗುಂಡಿಗಳಲ್ಲಿ ಒತ್ತೊತ್ತಾಗಿ ನಿಲ್ಲುತ್ತವೆ. ಅಲ್ಲಿಗೆ ಎಸೆದ ತಿಂಡಿ ಉಳಿದು ಕೊಳೆತರೆ, ಕೊಳೆಸುವ ಬ್ಯಾಕ್ಟೀರಿಯಾವೂ ಅದೇ ಆಮ್ಲಜನಕದಲ್ಲಿ ಪಾಲು ಕೇಳುತ್ತದೆ.

ಬಿಸಿಲನ್ನು ಇಳಿಸಲಿಕ್ಕೆ ನಮ್ಮಿಂದಾಗದು. ದಡದ ಮರ ಕಡಿಯದೆ ನೆರಳು ಉಳಿಸಬಹುದು, ನೀರಿಗೆ ಕಸ ಹಾಕದೆ ಇರಬಹುದು. ರಜೆಯಲ್ಲಿ ಸುಬ್ರಹ್ಮಣ್ಯಕ್ಕೆ ಹೋಗುವವರು ಪುರಿಯ ಪೊಟ್ಟಣ ಬಿಚ್ಚುವ ಮೊದಲು ಆ ಎರಡು ಅಂಕಿ ನೆನಪಿಸಿಕೊಂಡರೆ ಸಾಕು.