ಅರೆ ಪೇರು, ಪೂರಾ ಪೇರು

ಬಂಡಾಯದ ಪುಟದಲ್ಲಿ ದೇವರ ಕೃಪೆಯ ಮಾತೇಕೆ ಎಂದು ಗೆಳೆಯರು ಕೇಳಬಹುದು. ಕೇಳಲಿ. ನಮ್ಮ ಲೈನುಮನೆಗಳಲ್ಲಿ ಹಸಿವಿನ ಮಾತು ಎಷ್ಟು ಹಳೆಯದೋ ಕೃಪೆಯ ಮಾತೂ ಅಷ್ಟೇ ಹಳೆಯದು. ಹೊಟ್ಟೆಯ ವಿಚಾರ ನಿಮ್ಮದು, ಆತ್ಮದ ವಿಚಾರ ಪಾದ್ರಿಗಳದ್ದು ಎಂದು ಪಾಲು ಮಾಡಿಕೊಟ್ಟವರು ಯಾರೋ ಗೊತ್ತಿಲ್ಲ. ಆ ಪಾಲುಪಟ್ಟಿಗೆ ನಾವು ಸಹಿ ಹಾಕಿಲ್ಲ.

ನಾವು ಅಂದರೆ ಯಾರು ಎಂದು ಮೊದಲು ಹೇಳಬೇಕು. 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರೂ ಸಿರಿಮಾವೋ ಬಂಡಾರನಾಯಕೆಯವರೂ ಕೂತು ಒಂದು ಒಪ್ಪಂದ ಮಾಡಿದರು. ಸಿಲೋನಿನ ತೋಟಗಳಲ್ಲಿ ತಲೆಮಾರುಗಳಿಂದ ದುಡಿದ ತಮಿಳರಲ್ಲಿ 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಅಲ್ಲಿಗೆ. ಉಳಿದ ಒಂದೂವರೆ ಲಕ್ಷವನ್ನು 1974ರಲ್ಲಿ ಅರ್ಧ ಅರ್ಧ ಹಂಚಿಕೊಂಡರು, ತೆಂಗಿನಕಾಯಿ ಎಣಿಸಿ ರಾಶಿ ಹಾಕಿದ ಹಾಗೆ. ನಮ್ಮ ಹಿರಿಯರು ಭಾರತದ ರಾಶಿಗೆ ಬಿದ್ದರು. ತಲೈಮನ್ನಾರಿನಲ್ಲಿ ಹಡಗು ಹತ್ತಿ, ರಾಮೇಶ್ವರದಲ್ಲಿ ಇಳಿದು, ಮಂಡಪಂ ಶಿಬಿರದಲ್ಲಿ ಹೆಸರು ಬರೆಸಿ, ಕೊನೆಗೆ ಸುಳ್ಯ, ಪುತ್ತೂರು ಕಡೆಯ ಸರ್ಕಾರಿ ರಬ್ಬರ್ ತೋಟಗಳಿಗೆ ಬಂದರು. ಪುತ್ತೂರಿನಿಂದ ಒಡೆದು ಈಗ ಕಡಬವೂ ಬೇರೆ ತಾಲೂಕಾಗಿದೆ. ನಾವು ಮಾತ್ರ ಅದೇ ಲೈನಿನಲ್ಲಿದ್ದೇವೆ. ನಮ್ಮಲ್ಲಿ ಹೆಚ್ಚಿನವರು ದಲಿತರು. ಅವರಲ್ಲಿ ಕೆಲವು ಮನೆಗಳು ಕ್ರಿಸ್ತನದ್ದು. ನಮ್ಮದು ಆ ಕೆಲವರಲ್ಲಿ ಒಂದು.

ಮನೆಯಲ್ಲಿ ತಮಿಳು, ರಸ್ತೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಇಗರ್ಜಿಗೆ ಹೋದರೆ ಕೊಂಕಣಿ. ಕಡಬ, ನೆಲ್ಯಾಡಿ ಕಡೆ ಹೋದರೆ ಕೇರಳದಿಂದ ಬಂದು ನೆಲೆಸಿದವರ ಮಲಯಾಳ. ನಮಗೆ ಇಗರ್ಜಿಗಳ ಬರವಿಲ್ಲ. ಪುತ್ತೂರೇ 2010ರಲ್ಲಿ ಮಲಂಕರ ಕಥೋಲಿಕರ ಧರ್ಮಪ್ರಾಂತ್ಯವಾಯಿತು. ಕೃಪೆಗೂ ಬರವಿಲ್ಲ: ಪಾಟಿಯ ಬಾಯಲ್ಲಿ ಅದು ಅರುಳು, ಕೊಂಕಣಿಯಲ್ಲಿ ಕುರ್ಪಾ, ಕನ್ನಡ ಧರ್ಮೋಪದೇಶದ ಪುಸ್ತಕದಲ್ಲಿ ವರಪ್ರಸಾದ. ಅದು ದುಡಿದು ಗಳಿಸುವುದಲ್ಲ, ಯೋಗ್ಯತೆ ನೋಡಿ ಕೊಡುವುದಲ್ಲ, ಪುಕ್ಕಟೆ ಸಿಗುವುದು ಎಂದು ಕಲಿಸಿದರು. ಪುಕ್ಕಟೆ ಎಂಬ ಮಾತು ಕೇಳಿದರೆ ನಮಗೆ ಭಯ. ನಮ್ಮ ಊರಲ್ಲಿ ಪುಕ್ಕಟೆ ಕೊಟ್ಟವನು ಮರುದಿನ ಅಂಗಳ ಗುಡಿಸಲು ಕರೆಯುತ್ತಾನೆ. 'ನಿಮ್ಮ ಕೃಪೆ ಧಣಿ' ಎಂದು ಸೊಂಟ ಬಗ್ಗಿಸಿದವರಿಗೆ ಆ ಶಬ್ದದ ಇನ್ನೊಂದು ಮುಖವೂ ಗೊತ್ತುಂಟು.

ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ಒಂದು ಕಥೆ ಉಂಟು. ದ್ರಾಕ್ಷಿತೋಟದ ಧಣಿ ಬೆಳಕು ಹರಿಯುವಾಗ ಪೇಟೆಗೆ ಹೋಗಿ ಆಳು ಕರೆಯುತ್ತಾನೆ. ಆಮೇಲೆ ಒಂಬತ್ತಕ್ಕೆ, ಮಧ್ಯಾಹ್ನಕ್ಕೆ, ಮೂರಕ್ಕೆ. ಸಂಜೆ ಐದಕ್ಕೂ ಹೋಗಿ ಇನ್ನಷ್ಟು ಜನರನ್ನು ಕರೆತರುತ್ತಾನೆ. ಕೂಲಿ ಬಟವಾಡೆಯಾದಾಗ ಎಲ್ಲರಿಗೂ ಒಂದೇ ಕೂಲಿ. ಬೆಳಗಿನವರು ಗೊಣಗುತ್ತಾರೆ. ಇದೇ ಕೃಪೆ, ನಾವು ಮಾಡಿದ ಕೆಲಸದಿಂದ ಏನೂ ಇಲ್ಲ, ಎಲ್ಲ ಧಣಿಯ ಒಳ್ಳೆಯತನ ಎಂದು ಒಂದು ಭಾನುವಾರ ಫಾದರ್ ಪ್ರಸಂಗ ಮಾಡಿದರು. ಎಲ್ಲರೂ ತಲೆಯಾಡಿಸಿದರು. ಮನೆಗೆ ಬಂದ ಮೇಲೆ ಪಾಟಿ ಮಾತ್ರ ಬಿಡಲಿಲ್ಲ.

"ಆ ಐದು ಗಂಟೆಯವರು ಸೋಮಾರಿಗಳಾ? ಬೆಳಗ್ಗಿಂದ ಪೇಟೆಯಲ್ಲಿ ನಿಂತೇ ಇದ್ದಾರೆ. ಯಾರೂ ಕರೀಲಿಲ್ಲ ಅಂತ ಅವರೇ ಹೇಳ್ತಾರಲ್ಲ. ಯಾಕೆ ಕರೀಲಿಲ್ಲ ಅಂತ ಫಾದರ್ ಹೇಳಿದ್ರಾ?"

ಹೇಳಿರಲಿಲ್ಲ.

"ಮುದುಕರನ್ನು ಯಾರೂ ಕರೆಯೂದಿಲ್ಲ. ಬಸುರಿಯನ್ನು ಕರೆಯೂದಿಲ್ಲ. ನಮ್ಮಂಥವರನ್ನು ಕೊನೆಗೆ ಕರೀತಾರೆ."

ಪಾಟಿ ಹಾಗೆ ಓದಿದ್ದಕ್ಕೆ ಕಾರಣ ಉಂಟು. ಸಿಲೋನಿನ ಚಹಾ ತೋಟದಲ್ಲಿ ಒಂದು ದಿನದ ಕೂಲಿಗೆ 'ಪೇರು' ಎನ್ನುತ್ತಿದ್ದರು. ಪೇರು ಅಂದರೆ ಹೆಸರು. ಪುಸ್ತಕದಲ್ಲಿ ಹೆಸರು ಬಿದ್ದರೆ ಕೂಲಿ ಬಿತ್ತು. ಕಿತ್ತ ಎಲೆ ನಿಗದಿಯ ತೂಕಕ್ಕೆ ಕಡಿಮೆಯಾದರೆ ಅರೆ ಪೇರು, ಅರ್ಧ ಹೆಸರು. ಜ್ವರ ಬಂದ ದಿನ ಅರ್ಧ ಹೆಸರು, ಮಗುವಿಗೆ ಹಾಲೂಡಿಸಲು ಓಡಿ ಬಂದ ದಿನ ಅರ್ಧ ಹೆಸರು. ಒಂದು ಆಯುಷ್ಯದಲ್ಲಿ ಎಷ್ಟು ಸಲ ಅರ್ಧವಾದಳೋ ಲೆಕ್ಕ ಇಟ್ಟವರಿಲ್ಲ.

"ಆ ಧಣಿ ಐದು ಗಂಟೆಯವರಿಗೂ ಪೂರಾ ಪೇರು ಹಾಕಿದ. ಅರೆ ಪೇರು ಹಾಕಿ, ಮೇಲಿಂದ ಒಂದು ಸೇರು ಅಕ್ಕಿ ಧರ್ಮ ಕೊಡಲಿಲ್ಲ. ನನಗೆ ಗೊತ್ತಿರುವ ಅರುಳು ಅಷ್ಟೇ."

ನಾವು ಆಮೇಲೆ ಎಷ್ಟೋ ಪ್ರಸಂಗ ಕೇಳಿದೆವು. ಇದಕ್ಕಿಂತ ದೊಡ್ಡ ವ್ಯಾಖ್ಯಾನ ಕೇಳಲಿಲ್ಲ. ಕೃಪೆ ಬೇರೆ, ಧರ್ಮ ಕೊಡುವುದು ಬೇರೆ. ಧರ್ಮದ ಅಕ್ಕಿ ತಿಂದವನು ಕೊಟ್ಟವನ ಮುಖ ನೋಡಬೇಕು. ಪೂರಾ ಕೂಲಿ ಸಿಕ್ಕಿದವನು ಸೀದಾ ಮನೆಗೆ ಹೋಗುತ್ತಾನೆ.

ಈ ಜಿಲ್ಲೆಯ ಚರಿತ್ರೆಯಲ್ಲಿಯೂ ಇದರ ಗುರುತು ಉಂಟು. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದರು. ದೀಕ್ಷಾಸ್ನಾನ ಪಡೆದ ಬಿಲ್ಲವರು ಮೂರ್ತೆ ಬಿಡಬೇಕಾಯಿತು, ಒಕ್ಕಲಾಗಿದ್ದವರಿಗೆ ಭೂಮಿ ತಪ್ಪಿತು. ಬರೀ ಸುವಾರ್ತೆಯಿಂದ ಹೊಟ್ಟೆ ತುಂಬದು ಎಂದು ನೇಯ್ಗೆ ಶುರುವಾಯಿತು, 1865ರಲ್ಲಿ ಹಂಚಿನ ಕಾರ್ಖಾನೆ ಬಂತು. ಕೃಪೆಯ ಹಿಂದೆಯೇ ಕೂಲಿ ಬರಬೇಕಾಯಿತು. ಕೂಲಿ ಕೊಟ್ಟವನೇ ಪಾದ್ರಿಯೂ ಆದಾಗ ಏನಾಗುತ್ತದೆ ಎಂಬುದು ಬೇರೆ ಕಥೆ, ಅದನ್ನು ಇನ್ನೊಮ್ಮೆ ಬರೆಯಬೇಕು.

ಈಗ ನಮ್ಮ ಇಗರ್ಜಿಯ ವಿಷಯ. ಹೆಸರು ಬೇಡ. ಅಲ್ಲಿ ಹಿಂದಿನ ಎರಡು ಬೆಂಚು 'ತೋಟದವರದ್ದು'. ಬೋರ್ಡು ಹಾಕಿರಲಿಲ್ಲ, ಹಾಕುವ ಅಗತ್ಯವೂ ಇರಲಿಲ್ಲ. ಬೆಳಗಿನ ಜಾವ ತಲೆಗೆ ದೀಪ ಕಟ್ಟಿ ಟ್ಯಾಪಿಂಗ್ ಮುಗಿಸಿ, ಹಾಲು ಒಯ್ದು ಕೊಟ್ಟು, ಓಡಿ ಬಂದವರ ಮೈಯಿಂದ ರಬ್ಬರಿನ ವಾಸನೆ ಬರುತ್ತದೆ ಎಂಬುದು ನಿಜ. ಸೋಪು ಹಾಕಿದರೂ ಹೋಗುವುದಿಲ್ಲ. ಹಬ್ಬದ ದಿನ ಪಾತ್ರೆ ತೊಳೆಯಲು ನಮ್ಮನ್ನು ಕರೆದರು. ಮೆರವಣಿಗೆಯಲ್ಲಿ ಶಿಲುಬೆ ಹಿಡಿಯಲು ಕರೆಯಲಿಲ್ಲ. ಇದು ನಮ್ಮ ಒಂದು ಊರಿನ ಮಾತಲ್ಲ. ಭಾರತದ ಕಥೋಲಿಕ ಬಿಷಪರೇ 2016ರಲ್ಲಿ ಹೊರಡಿಸಿದ ದಲಿತ ಸಬಲೀಕರಣದ ನೀತಿಯಲ್ಲಿ ಇದನ್ನು ಒಪ್ಪಿಕೊಂಡಿದ್ದಾರೆ. ದೇಶದ 1 ಕೋಟಿ 90 ಲಕ್ಷ ಕಥೋಲಿಕರಲ್ಲಿ 1 ಕೋಟಿ 20 ಲಕ್ಷ ದಲಿತರು ಎಂಬುದು ಅವರದೇ ಲೆಕ್ಕ. ಮನೆ ತುಂಬ ನಾವೇ, ಕುರ್ಚಿ ಮಾತ್ರ ನಮ್ಮದಲ್ಲ.

ಮಳೆಗಾಲದಲ್ಲಿ ಧ್ಯಾನಕೂಟ ನಡೆಯುತ್ತದೆ. ಆತ್ಮಿಕವಾಗಿ ಬೆಳೆಯಿರಿ ಎನ್ನುತ್ತಾರೆ. ಹೇಗೆ? ತಗ್ಗಿರಿ, ತಾಳಿರಿ, ಕ್ಷಮಿಸಿರಿ. ತಗ್ಗುವುದನ್ನು ನಮಗೆ ಕಲಿಸಲು ಮಂಗಳೂರಿನಿಂದ ಪ್ರಸಂಗಿಗಳು ಬರಬೇಕೇ? ಅದರಲ್ಲಿ ನಾವು ಹುಟ್ಟಾ ಪಂಡಿತರು. ಬೆಳೆಯುವುದು ಎಂದರೆ ನಮಗೆ ಬೇರೆಯೇ ನೆನಪಾಗುತ್ತದೆ. ಕಸಿ ರಬ್ಬರಿನ ಮರದ ಸುತ್ತಳತೆ 50 ಸೆಂಟಿಮೀಟರ್ ಆದರೆ ಮರ ಬೆಳೆಯಿತು ಎಂದು ಬರೆದುಕೊಳ್ಳುತ್ತಾರೆ. ಅದಕ್ಕೆ ಏಳು ವರ್ಷವಾದರೂ ಬೇಕು. ಬೆಳೆಯಿತು ಅಂದರೆ ಚೂರಿ ಹಾಕಲು ಆಯಿತು ಎಂದು ಅರ್ಥ. ನಮ್ಮ ತಾಳ್ಮೆ ಬೆಳೆಯಲಿ ಎಂದು ಹಾರೈಸುವವರಲ್ಲಿ ಎಲ್ಲರೂ ಹೀಗೆ ಸುತ್ತಳತೆ ನೋಡುವವರು ಎಂದು ನಾವು ಹೇಳುವುದಿಲ್ಲ. ಕೆಲವರು ಹೌದು.

ಅಂಬೇಡ್ಕರ್ ಮತಾಂತರಗೊಂಡವರ ಸ್ಥಿತಿಯ ಬಗ್ಗೆ ಬರೆದಿಟ್ಟದ್ದು ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಅಚ್ಚಾಯಿತು. ಅಸ್ಪೃಶ್ಯನ ಕಷ್ಟಕ್ಕೆ ಅವನ ಸುತ್ತಲ ಸಮಾಜ ಕಾರಣ; ಅದನ್ನು ಬಿಟ್ಟು ಅವನ ಪಾಪವನ್ನೇ ತೋರಿಸಿದರೆ ಅವನು ಹೋರಾಡುವುದಾದರೂ ಯಾರ ವಿರುದ್ಧ ಎಂಬುದು ಅವರ ಆಕ್ಷೇಪದ ಸಾರ. ಓದಿದ ದಿನ ನಮಗೆ ನಿದ್ದೆ ಬರಲಿಲ್ಲ. ಕೋಪ ಬಂದದ್ದು ಅವರ ಮೇಲಲ್ಲ. ಪಾಪನಿವೇದನೆಯಲ್ಲಿ ಮೊಣಕಾಲೂರಿ ಯಾರದೋ ಪಾಪವನ್ನು ನಮ್ಮದೆಂದು ಹೇಳಿಕೊಂಡ ವರ್ಷಗಳ ಮೇಲೆ. ಆದರೂ ನಾವು ಇಗರ್ಜಿ ಬಿಡಲಿಲ್ಲ. ಬೆಂಚು ಬಿಟ್ಟೆವು. ಒಂದು ಕ್ರಿಸ್ಮಸ್ ರಾತ್ರಿ ತೋಟದ ಹೆಂಗಸರು ಹೇಳದೆ ಕೇಳದೆ ಮೂರನೇ ಬೆಂಚಿನಲ್ಲಿ ಹೋಗಿ ಕೂತರು. ಪಕ್ಕದವರು ಸರಿದು ಕೂತರು. ಜಾಗ ಬಿಟ್ಟದ್ದೋ ಅಸಹ್ಯವೋ ನಾವು ವಿಚಾರಿಸಲಿಲ್ಲ. ಆ ರಾತ್ರಿ ಪರಮಪ್ರಸಾದ ಪಡೆದು ಬಂದ ಅಮ್ಮನ ಮುಖವನ್ನು ನೋಡಿದವರಿಗೆ ಆತ್ಮಿಕ ಬೆಳವಣಿಗೆ ಎಂದರೆ ಎಂತ ಎಂದು ಪುಸ್ತಕದಿಂದ ಹೇಳಬೇಕಾಗಿಲ್ಲ.

ಇನ್ನು ಸರ್ಕಾರದ ಪುಸ್ತಕ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು. ಕ್ರೈಸ್ತರೂ ಮುಸ್ಲಿಮರೂ ಹೊರಗೆ. ಮದರಾಸಿನ ರಸ್ತೆಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈಗೆ, ಕ್ರೈಸ್ತನೆಂಬ ಕಾರಣಕ್ಕೆ, ಸರ್ಕಾರ ಚಮ್ಮಾರರಿಗೆ ಕೊಟ್ಟ ಗೂಡಂಗಡಿ ಸಿಗಲಿಲ್ಲ. 1985ರಲ್ಲಿ ಸುಪ್ರೀಂ ಕೋರ್ಟು, ಹೊಸ ಧರ್ಮದಲ್ಲಿಯೂ ಅದೇ ಕಷ್ಟ ಅಷ್ಟೇ ತೀವ್ರವಾಗಿ ಉಂಟೆಂದು ತೋರಿಸಬೇಕಿತ್ತು ಎಂದು ಹೇಳಿ ಅವನ ಅರ್ಜಿ ತಳ್ಳಿಹಾಕಿತು. ನಮ್ಮ ಪಕ್ಕದ ಕೊರಗರು ಪರಿಶಿಷ್ಟ ಪಂಗಡ. ಅವರು ಯಾವ ದೇವರಿಗೆ ಕೈ ಮುಗಿದರೂ ಪಟ್ಟಿಯಲ್ಲಿ ಇರುತ್ತಾರೆ. ಕರ್ನಾಟಕದಲ್ಲಿ ಕ್ರೈಸ್ತರಾದ ಪರಿಶಿಷ್ಟರನ್ನು ಪ್ರವರ್ಗ 1ಕ್ಕೆ ಹಾಕಿದ್ದಾರೆ. ಆದರೆ ಜಾತಿ ಹೆಸರು ಹಿಡಿದು ಬೈದರೆ ದೌರ್ಜನ್ಯ ತಡೆ ಕಾಯ್ದೆ ನಮಗೆ ಇಲ್ಲ. ಬೈಯುವವನು ಪ್ರವರ್ಗ ನೋಡಿ ಬೈಯುವುದಿಲ್ಲ.

ಹಾಗಾಗಿ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಎರಡು ಹೆಸರು. ಇಗರ್ಜಿಯಲ್ಲಿ ಒಂದು, ಶಾಲೆಯಲ್ಲಿ ಒಂದು. ಜಾತಿ ಪರಿಶೀಲನೆಗೆ ಜನ ಬರುತ್ತಾರೆಂದು ಸುದ್ದಿ ಬಂದರೆ ಗೋಡೆಯ ಶಿಲುಬೆ ಅಕ್ಕಿ ಡ್ರಮ್ಮಿನೊಳಗೆ ಹೋಗುತ್ತಿತ್ತು. ಅವರು ಹೋದ ಮೇಲೆ ಪಾಟಿ ಅದನ್ನು ತೆಗೆದು, ಅಂಟಿದ ಅಕ್ಕಿಹುಡಿ ಸೆರಗಿನಲ್ಲಿ ಒರೆಸಿ, ಮುತ್ತಿಟ್ಟು, ಮತ್ತೆ ಮೊಳೆಗೆ ಹಾಕುತ್ತಿದ್ದಳು. ಪೇತ್ರ ಮೂರು ಸಲ ಕ್ರಿಸ್ತನನ್ನು ಅರಿಯೆ ಎಂದ. ನಾವು ಎಷ್ಟು ಸಲ ಎಂದೆವೋ! ಇದನ್ನು ಮೋಸ ಎನ್ನುವವರು ಇದ್ದಾರೆ. ಅವರು ಆ ಡ್ರಮ್ಮಿನ ತಳ ಕಂಡವರಲ್ಲ.

ಅಕ್ಕನ ಮಗಳು ಈ ವರ್ಷ ಪಿಯುಸಿ ಮುಗಿಸಿ ನರ್ಸಿಂಗಿಗೆ ಅರ್ಜಿ ಹಾಕುವವಳು. ಧರ್ಮದ ಕಾಲಮ್ಮಿಗೆ ಬಂದು ಪೆನ್ನು ನಿಲ್ಲಿಸಿದಳು.

"ಮಾವ, ನನ್ನ ದೀಕ್ಷೆಯ ಹೆಸರು ಬರೀತೇನೆ. ಪಾಟಿ ಹೇಳ್ತಿದ್ದದ್ದು, ಪೂರಾ ಪೇರು."

ಅಕ್ಕ ಒಲೆಯ ಮುಂದಿನಿಂದಲೇ ಹೇಳಿದಳು: "ಸೀಟು ಹೋದರೆ ಟ್ಯಾಪಿಂಗ್ ಚೂರಿ ಉಂಟು, ತೆಗೆದುಕೋ."

ಹುಡುಗಿ ನಮ್ಮ ಮುಖ ನೋಡಿದಳು. ಇಷ್ಟು ಮಾತಾಡಿದ ನಮ್ಮ ಬಾಯಿಂದ ಆಗ ಏನೂ ಬರಲಿಲ್ಲ. ಅರ್ಜಿ ಇನ್ನೂ ಮೇಜಿನ ಮೇಲೆ ಉಂಟು. ಕೊನೆಯ ದಿನಕ್ಕೆ ಎಂಟು ದಿನ ಬಾಕಿ.