ಹಳೆದರಿಗರು

ಯಾರನ್ನಾದ್ರೂ ಹಂಗಿಸಬೇಕು ಅಂದ್ರೆ ಮೊದಲು ಅವರಿಗೊಂದು ಹೆಸರಿಡಬೇಕು. ಹೆಸರು ಅಂಟಿಕೊಂಡ ಮೇಲೆ ವಾದ ಮಾಡೋ ಕಷ್ಟವೇ ಇಲ್ಲ ನೋಡಿ! ನಾನಿರುವ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬಾಡಿಗೆ ಮಾತು ಬಂದಾಗಲೆಲ್ಲ ಇಂಥ ಹೆಸರುಗಳ ಸುರಿಮಳೆ. ಪಕ್ಕದಲ್ಲಿ ಹೊಸ ಕಟ್ಟಡ ಬೇಡ ಅನ್ನೋರು 'ನಿಂಬಿ', ಬೇಕು ಅನ್ನೋರು 'ಯಿಂಬಿ', ನಮ್ಮಂಥವರು 'ಟೆಕ್ ಬ್ರೋ'. ನಿಂಬಿ ಅಂದ್ರೆ ನಿಂಬೆಹಣ್ಣಲ್ಲ, 'ನನ್ನ ಹಿತ್ತಲಲ್ಲಿ ಬೇಡ' ಅನ್ನೋದರ ಇಂಗ್ಲಿಷ್ ಮೊದಲಕ್ಷರಗಳು :)

ಗೆಳೆಯನೊಬ್ಬ ಕನ್ನಡದಲ್ಲೂ ಒಂದು ಟಂಕಿಸಿದ್ದಾನೆ: 'ಹಳೆದರಿಗರು'. ಯಾವುದೋ ಕಾಲದ ದರ ಹಿಡಿದುಕೊಂಡು ಮನೆಯಿಂದ ಕದಲದವರು ಅಂತ. ಪದ ಚೆನ್ನಾಗಿದೆ, ನಾನೂ ನಕ್ಕೆ. ಆದರೆ ಅದರೊಳಗೆ ಯಾರ್ಯಾರು ಬರ್ತಾರೆ?

ಇಲ್ಲಿನ ಬಾಡಿಗೆ ನಿಯಂತ್ರಣ 1979ರದ್ದು. ಆ ವರ್ಷದ ಜೂನ್‌ಗೆ ಮೊದಲಿನ ಬಹುತೇಕ ಅಪಾರ್ಟ್‌ಮೆಂಟುಗಳಲ್ಲಿ ಬಾಡಿಗೆ ವರ್ಷಕ್ಕೆ ಏರಬಹುದಾದದ್ದು ಹಣದುಬ್ಬರದ ಶೇ. 60ರಷ್ಟು ಮಾತ್ರ, ಅದೂ ಶೇ. 7 ಮೀರುವಂತಿಲ್ಲ. ಬಾಡಿಗೆದಾರ ತಾನಾಗಿ ಬಿಟ್ಟುಹೋದರೆ ಮಾಲೀಕ ಹೊಸಬರಿಗೆ ಹೊಸ ದರ ಹೇಳಬಹುದು. ಸಂಬಳ ಎಷ್ಟು ಅಂತ ಕಾನೂನು ಕೇಳೋದೇ ಇಲ್ಲ. ನಮ್ಮ ಮೇಲಿನ ಮಹಡಿಯ ಅಜ್ಜಿ ಪಿಂಚಣಿಯಲ್ಲಿ ಬದುಕೋರು. ಈ ಕಾನೂನು ಇಲ್ಲದಿದ್ರೆ ಎಂದೋ ಊರು ಬಿಡಬೇಕಿತ್ತು. ಅದೇ ಕಟ್ಟಡದಲ್ಲಿ ಮೂರು ವರ್ಷದಿಂದ ಇರೋ ನನಗೂ ಅದೇ ರಕ್ಷಣೆ. ಸಂಬಳ ಏರಿತು, ಬಾಡಿಗೆ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತು. ಅಂದ್ರೆ ನಾನೂ ಹಳೆದರಿಗನೇ!

ಹಾಗಾದ್ರೆ ಇದರ ಬೆಲೆ ಕೊಡೋರು ಯಾರು? ಮಾಲೀಕರು ಅಂತೀರಿ. ನಿಜ, ಆದರೆ ಅವರೊಬ್ಬರೇ ಅಲ್ಲ. 1994ರಲ್ಲಿ ಹಳೆಯ ಸಣ್ಣ ಕಟ್ಟಡಗಳಿಗೂ ಈ ಕಾನೂನು ವಿಸ್ತರಣೆಯಾಯ್ತು. ಅದರ ಪರಿಣಾಮವನ್ನು ಸ್ಟ್ಯಾನ್‌ಫರ್ಡ್‌ನ ಮೂವರು ಅರ್ಥಶಾಸ್ತ್ರಜ್ಞರು ಅಳೆದು 2019ರಲ್ಲಿ ಪ್ರಕಟಿಸಿದರು. ಆಗ ಒಳಗಿದ್ದವರು ತಮ್ಮ ಮನೆಯಲ್ಲೇ ಉಳಿಯೋ ಸಾಧ್ಯತೆ ಹೆಚ್ಚಿತು. ಆದರೆ ಮಾಲೀಕರು ಮನೆಗಳನ್ನು ಮಾರಾಟಕ್ಕೆ ತಿರುಗಿಸಿದ್ದು, ಕೆಡವಿ ಕಟ್ಟಿದ್ದು ಸೇರಿ, ಆ ಕಟ್ಟಡಗಳಲ್ಲಿ ಬಾಡಿಗೆಗೆ ಸಿಗೋ ಮನೆಗಳು ಶೇ. 15 ಕಡಿಮೆಯಾದವು. ಇಡೀ ಊರಿನ ಬಾಡಿಗೆ ಸುಮಾರು ಶೇ. 5 ಏರಿತು. ಅದನ್ನು ಕಟ್ಟಿದವರು ಆಮೇಲೆ ಬಂದವರು. ಅವರಲ್ಲಿ ಇಂಜಿನಿಯರೂ ಇರ್ತಾನೆ, ಹೋಟೆಲಿನಲ್ಲಿ ತಟ್ಟೆ ತೊಳೆಯೋನೂ ಇರ್ತಾನೆ.

ಹಾಗಂತ ಕಾನೂನೇ ಕಿತ್ತುಹಾಕಿ ಅಂದ್ರೆ ಅಜ್ಜಿ ಎಲ್ಲಿಗೆ ಹೋಗಬೇಕು? ಅಜ್ಜಿಗೆ ರಕ್ಷಣೆ ಇರಲಿ, ಜೊತೆಗೆ ಹೊಸ ಮನೆಗಳೂ ಏಳಲಿ ಅನ್ನೋದು ನನ್ನ ಪಕ್ಷ. ಇದಕ್ಕೆ ಎರಡೂ ಕಡೆಯಿಂದ ಬೈಗುಳ ಗ್ಯಾರಂಟಿ :)

ನನ್ನನ್ನು ಕಾಡೋದು ಇನ್ನೊಂದು. 'ಹಳೆದರಿಗರು' ಅಂದ ಕೂಡಲೇ ಅಜ್ಜಿಯೂ ನಾನೂ ಒಂದೇ ಆಗಿಬಿಡ್ತೀವಿ. ಮನೆ ಹುಡುಕುತ್ತಾ ಹೊರಗೆ ನಿಂತವರಿಗೆ ಮಾತ್ರ ಯಾರೂ ಇನ್ನೂ ಒಂದು ಹೆಸರೂ ಇಟ್ಟಿಲ್ಲ. ಹಂಗಿಸೋಕೂ ಕಣ್ಣಿಗೆ ಬೀಳಬೇಕಲ್ವಾ?