‘ವೈಟ್ ಟೀತ್’: ಒಂದು ಸ್ನೇಹದ ವಿಚಾರ

ಮೊದಲ ಕಾದಂಬರಿಗೆ ಕೈಹಾಕುವ ತರುಣರು ಬಹುಮಟ್ಟಿಗೆ ತಮ್ಮ ಯೌವನವನ್ನೇ ವಸ್ತುವಾಗಿ ಹಿಡಿಯುತ್ತಾರೆ. ತಮ್ಮ ಪ್ರೇಮ, ತಮ್ಮ ನಿರಾಶೆ, ಹೆತ್ತವರ ಮೇಲಣ ಮುನಿಸು, ಇಷ್ಟರಲ್ಲಿ ಪುಟಗಳು ತುಂಬಿಹೋಗುತ್ತವೆ. ಅದು ತಪ್ಪೂ ಅಲ್ಲ. ೧೯೭೫ರಲ್ಲಿ ಲಂಡನ್ ನಗರದಲ್ಲಿ ಇಂಗ್ಲಿಷ್ ತಂದೆಗೂ ಜಮೈಕಾ ದ್ವೀಪದಿಂದ ಬಂದ ತಾಯಿಗೂ ಮಗಳಾಗಿ ಹುಟ್ಟಿದ ಜೇಡಿ ಸ್ಮಿತ್ ಮಾತ್ರ ಈ ವಾಡಿಕೆಯನ್ನು ಬಿಟ್ಟಳು. ಕೇಂಬ್ರಿಜ್ ವಿದ್ಯಾಲಯದಲ್ಲಿ ಓದುತ್ತಿದ್ದಾಗಲೇ ತೊಡಗಿ, ೨೦೦೦ನೆಯ ಇಸವಿಯಲ್ಲಿ, ತನ್ನ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಆಕೆ ಪ್ರಕಟಿಸಿದ ‘ವೈಟ್ ಟೀತ್’ ಎಂಬ ಕಾದಂಬರಿಯ ನಡುಮನೆಯಲ್ಲಿ ಕುಳಿತಿರುವವರು, ತಲೆ ನರೆಯಲು ತೊಡಗಿದ ಇಬ್ಬರು ಗಂಡಸರು.

ಒಬ್ಬನು ಆರ್ಚಿ ಜೋನ್ಸ್ ಎಂಬ ಆಂಗ್ಲ. ಕಾಗದಗಳನ್ನು ಯಾವ ರೀತಿ ಮಡಿಸಬೇಕೆಂದು ಗೊತ್ತುಮಾಡುವುದೇ ಅವನ ಉದ್ಯೋಗ. ಬಾಳಿನ ಯಾವ ಪ್ರಶ್ನೆ ಬಂದರೂ ನಾಣ್ಯವನ್ನು ಚಿಮ್ಮಿ ತೀರ್ಮಾನಿಸುವ ಸಾಧು ಪ್ರಾಣಿ. ಮತ್ತೊಬ್ಬನು ಸಮದ್ ಇಕ್ಬಾಲ್, ಬಂಗಾಳದ ಮುಸಲ್ಮಾನ. ಓದಿದವನು, ಅಭಿಮಾನಿ, ಆದರೂ ಲಂಡನ್ನಿನ ಭೋಜನಶಾಲೆಯೊಂದರಲ್ಲಿ ತಟ್ಟೆ ಹೊರುವವನು. ೧೮೫೭ರ ಮಾರ್ಚಿಯಲ್ಲಿ ಬ್ಯಾರಕ್‌ಪುರದಲ್ಲಿ ಮೊದಲ ಗುಂಡು ಹಾರಿಸಿದ ಮಂಗಲ ಪಾಂಡೆಯೇ ತನ್ನ ಮುತ್ತಜ್ಜನೆಂದು ಸಮದನ ವಾದ. (ಬ್ರಾಹ್ಮಣ ಸಿಪಾಯಿಯ ವಂಶದಲ್ಲಿ ಮುಸಲ್ಮಾನ ಮರಿಮಗನೆ ಎಂದು ನಮ್ಮ ದೇಶದ ವಾಚಕನು ಹುಬ್ಬೇರಿಸುವುದು ಸಹಜ.) ಪಾಂಡೆಯು ಭಂಗಿಯ ಅಮಲಿನಲ್ಲಿದ್ದ ತಿಳಿಗೇಡಿ ಎಂಬ ಆಂಗ್ಲ ಚರಿತ್ರಕಾರರ ಮಾತನ್ನು ಕೇಳಿದರೆ ಸಮದನಿಗೆ ಮೈ ಉರಿಯುತ್ತದೆ. ಪರದೇಶದಲ್ಲಿ ಬೇರೆ ಯಾವ ಆಸ್ತಿಯೂ ಇಲ್ಲದವನಿಗೆ ಪೂರ್ವಜನ ಕೀರ್ತಿಯೊಂದೇ ಗಂಟು. ಅದನ್ನೂ ಕಳೆದುಕೊಳ್ಳುವುದು ಹೇಗೆ?

ಇವರಿಬ್ಬರೂ ಪರಿಚಿತರಾದದ್ದು ೧೯೪೫ರಲ್ಲಿ, ಒಂದೇ ಯುದ್ಧರಥದೊಳಗೆ. ಆ ಟ್ಯಾಂಕು ಬಲ್ಗೇರಿಯದ ಹಳ್ಳಿಯೊಂದರ ಬಳಿ ಕೆಟ್ಟು ನಿಲ್ಲುತ್ತದೆ; ಜೊತೆಗಾರರು ಸಾಯುತ್ತಾರೆ; ಯುದ್ಧ ಮುಗಿದ ಸಮಾಚಾರವೂ ಇವರಿಗೆ ತಿಳಿಯದು. ನಾಜಿಗಳಿಗಾಗಿ ದುಡಿದ ಫ್ರೆಂಚ್ ವಿಜ್ಞಾನಿಯೊಬ್ಬನು ಅಲ್ಲಿ ಕೈಗೆ ಸಿಕ್ಕುತ್ತಾನೆ. ಯುದ್ಧದಲ್ಲಿ ಏನನ್ನೂ ಸಾಧಿಸಲಾಗಲಿಲ್ಲವೆಂಬ ನಾಚಿಕೆಯಿಂದ ಬೇಯುತ್ತಿದ್ದ ಸಮದ್, ಆತನನ್ನು ಕೊಂದು ಬಾ ಎಂದು ಗೆಳೆಯನನ್ನು ಕತ್ತಲೆಗೆ ಕಳುಹಿಸುತ್ತಾನೆ. ಗುಂಡಿನ ಸದ್ದು ಕೇಳುತ್ತದೆ. ಆರ್ಚಿ ಕುಂಟುತ್ತ, ನೆತ್ತರು ಸುರಿಸುತ್ತ ಒಬ್ಬನೇ ಹಿಂದಿರುಗುತ್ತಾನೆ. ಮುಂದಿನ ಸುಮಾರು ಐವತ್ತು ವರ್ಷಗಳ ಗೆಳೆತನವೆಲ್ಲ ಆ ಒಂದು ಸದ್ದನ್ನು ನೆಚ್ಚಿ ನಿಂತಿದೆ.

ಸಂಸ್ಕೃತಿಗಳ ತಿಕ್ಕಾಟವನ್ನು ಕುರಿತ ಭಾಗವೇ ಈ ಪುಸ್ತಕಕ್ಕೆ ಪ್ರಸಿದ್ಧಿಯನ್ನು ತಂದಿತು. ಸಮದನಿಗೆ ಮಾಜಿದ್, ಮಿಲ್ಲತ್ ಎಂಬ ಅವಳಿ ಮಕ್ಕಳು. ಇಂಗ್ಲೆಂಡಿನ ಗಾಳಿ ಮಕ್ಕಳನ್ನು ಕೆಡಿಸುತ್ತಿದೆಯೆಂಬ ಭೀತಿಯಿಂದ, ತನ್ನದೇ ಒಂದು ಗುಟ್ಟಿನ ಪ್ರಣಯದ ಪಾಪಭೀತಿಯಿಂದಲೂ ಹೌದು, ಆತನು ಹೆಂಡತಿಗೆ ತಿಳಿಸದೆ ಮಾಜಿದನನ್ನು ಬಂಗ್ಲಾದೇಶಕ್ಕೆ ಸಾಗಿಸಿಬಿಡುತ್ತಾನೆ. ತಾನೊಂದು ನೆನೆದರೆ ದೈವವೊಂದು ನೆನೆಯಿತು. ಅಲ್ಲಿ ಬೆಳೆದವನು ಆಂಗ್ಲರಿಗಿಂತ ಆಂಗ್ಲನಾಗಿ ಮರಳುತ್ತಾನೆ. ಲಂಡನ್ನಿನಲ್ಲೇ ಉಳಿದವನು ಮತಾಂಧರ ಗುಂಪನ್ನು ಸೇರುತ್ತಾನೆ. ಈ ತಿರುವಿನಲ್ಲಿ ಜಾಣತನ ತುಸು ಹೆಚ್ಚಾಯಿತೆನ್ನಬೇಕು. ಅದಕ್ಕಿಂತ ಮನಸ್ಸಿನಲ್ಲಿ ಉಳಿಯುವುದು ತಾಯಿ ಅಲ್ಸಾನಾಳ ಪ್ರತೀಕಾರ. ಮಗನು ಮರಳುವವರೆಗೂ ಆಕೆ ಗಂಡನ ಯಾವ ಪ್ರಶ್ನೆಗೂ ‘ಹೌದು’ ಎಂದಾಗಲಿ ‘ಇಲ್ಲ’ ಎಂದಾಗಲಿ ಉತ್ತರ ಕೊಡುವುದಿಲ್ಲ, ಎಲ್ಲಕ್ಕೂ ‘ಇರಬಹುದು’. ಎಂಟು ವರ್ಷ! ಕೂಗಾಟವಿಲ್ಲ, ಕಣ್ಣೀರಿಲ್ಲ, ಮನೆಯೊಳಗಿನ ನೆಲವೇ ಸಮದನ ಕಾಲಡಿಯಲ್ಲಿ ಸಡಿಲವಾಗುತ್ತದೆ. ೧೯೮೯ರ ಜನವರಿಯಲ್ಲಿ ಮಿಲ್ಲತನು ತಾನು ಓದದ ಪುಸ್ತಕವೊಂದನ್ನು ಸುಡುವ ಸಭೆಗೆ ಬ್ರಾಡ್‌ಫರ್ಡ್ ಪಟ್ಟಣಕ್ಕೆ ಹೋಗುತ್ತಾನೆ. ಹಿಂದಿರುಗುವಷ್ಟರಲ್ಲಿ ಅವನ ಪ್ರಿಯವಸ್ತುಗಳೆಲ್ಲ ತಾಯಿಯ ಕೈಯಿಂದ ಬೂದಿಯಾಗಿರುತ್ತವೆ. ಗ್ರಂಥದಹನದ ಮೇಲೆ ಎಷ್ಟೋ ಪ್ರಬಂಧಗಳು ಹುಟ್ಟಿವೆ. ಅಲ್ಸಾನಾಳ ಬೂದಿಯಷ್ಟು ಚುರುಕಾಗಿ ಮುಟ್ಟಿಸುವಂಥವು ವಿರಳ.

ವಿಟ್‌ಬ್ರೆಡ್ ಪ್ರಥಮ ಕಾದಂಬರಿ ಬಹುಮಾನ ಮೊದಲಾದ ಮನ್ನಣೆಗಳು ಈ ಕೃತಿಗೆ ಸಂದುವು. ಆಕ್ಷೇಪಣೆಗಳೂ ಬಂದುವು. ಇಂಥ ಕಾದಂಬರಿಗಳಲ್ಲಿ ಉನ್ಮಾದದ ವೇಗವಿದೆ, ಮನುಷ್ಯರು ಕಡಿಮೆ ಎಂಬರ್ಥದಲ್ಲಿ ವಿಮರ್ಶಕ ಜೇಮ್ಸ್ ವುಡ್ ಅದೇ ವರ್ಷ ಬರೆದನು. ಎಲ್ಲ ಪಾತ್ರಗಳನ್ನೂ ೧೯೯೨ರ ಕೊನೆಯ ರಾತ್ರಿ ಒಂದೇ ಸಭಾಂಗಣಕ್ಕೆ ಎಳೆದು ತರುವ ಮುಕ್ತಾಯವನ್ನು ನೋಡಿದರೆ ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಇಬ್ಬರು ಗೆಳೆಯರ ಮಟ್ಟಿಗೆ ಅದು ಸಲ್ಲದು.

ಏಕೆಂದರೆ ಆ ಸಭೆಯ ವೇದಿಕೆಯ ಮೇಲೆ ಕುಳಿತಿರುವ ವೃದ್ಧನು, ೧೯೪೫ರಲ್ಲಿ ಸತ್ತನೆಂದು ಸಮದ್ ನಂಬಿದ್ದ ಅದೇ ಫ್ರೆಂಚನು. ಆರ್ಚಿ ಅಂದು ಕೊಲ್ಲಲಾರದೆ ನಾಣ್ಯ ಚಿಮ್ಮಿದ್ದ. ಗುಂಡು ಹಾರಿಸಿದವನು ಸೆರೆಯಾಳು. ಐವತ್ತು ವರ್ಷ ಆರ್ಚಿ ಬಚ್ಚಿಟ್ಟ ರಹಸ್ಯವು ಒಂದು ಕೊಲೆಯಲ್ಲ, ಕೊಲೆಮಾಡದೆ ಹೋದದ್ದು. ದಯೆಯನ್ನು ಅಪರಾಧದಂತೆ ಮುಚ್ಚಿಡಬೇಕಾಗಿ ಬಂದವನ ಸಂಕಟವನ್ನು ಲೇಖಕಿ ಎಲ್ಲಿಯೂ ವಿವರಿಸಿ ಹೇಳುವುದಿಲ್ಲ. ಅಷ್ಟು ಮಾತುಗಾರ್ತಿಯಾದ ಆಕೆ ಇಲ್ಲಿ ಸುಮ್ಮನಿರುವುದು ಮೆಚ್ಚತಕ್ಕದ್ದು. ಅಷ್ಟರಲ್ಲಿ ಮಿಲ್ಲತನು ಪಿಸ್ತೂಲು ತೆಗೆಯುತ್ತಾನೆ. ಆರ್ಚಿ ಅಡ್ಡಬಂದು ಅದೇ ವೃದ್ಧನನ್ನು ಎರಡನೆಯ ಸಲ ಉಳಿಸಿ, ಎರಡನೆಯ ಸಲವೂ ತೊಡೆಗೆ ಗುಂಡು ತಿನ್ನುತ್ತಾನೆ.

ಗೆಳೆತನಕ್ಕೆ ಅಡಿಪಾಯವೆಂದು ನಂಬಿದ್ದುದು ಸುಳ್ಳೆಂದು ತಿಳಿದಾಗ ಸಮದನಿಗೆ ಮೊದಲು ಕೋಪವೇ ಬರುತ್ತದೆ. ಮರುಕ್ಷಣ, ಇನ್ನು ಹಲವು ವರ್ಷಗಳವರೆಗೆ ತಮ್ಮಿಬ್ಬರ ಹರಟೆಗೆ ಇದೊಂದೇ ಸಾಕೆಂದು ಅವನಿಗೆ ಹೊಳೆಯುತ್ತದೆ. ಹೆಸರಿನಲ್ಲಿ ಐರಿಷ್, ಒಡೆತನದಲ್ಲಿ ಅರಬ್ ಆದ, ಹೆಂಗಸರಿಗೆ ಪ್ರವೇಶವೇ ಇಲ್ಲದ ಓಕಾನಲ್ಸ್ ಎಂಬ ಪಾನಗೃಹವೊಂದು ಆ ಹರಟೆಯ ನೆಲೆ. ೧೯೯೯ರ ಡಿಸೆಂಬರ್ ೩೧ರ ರಾತ್ರಿ ಅದರ ಬಾಗಿಲು ಕೊನೆಗೂ ಹೆಂಗಸರಿಗೆ ತೆರೆಯಿತೆಂದು ಕಾದಂಬರಿಯ ಕಡೆಯ ಪುಟ ತಿಳಿಸುತ್ತದೆ. ಅಂದು ಆ ಮೇಜಿನಲ್ಲಿ ಗೆಳೆಯರ ಪಕ್ಕದಲ್ಲಿ ಅವರ ಹೆಂಡಿರೂ ಕುಳಿತಿದ್ದಾರೆ.